ಪರೀಕ್ಷಾ ಕೊಠಡಿಯ ಕ್ಯಾಮೆರಾಕ್ಕೆ ಎಷ್ಟು ಕಾಣುತ್ತದೆ?

2024ರ ಮಾರ್ಚ್-ಏಪ್ರಿಲ್ ತಿಂಗಳಲ್ಲಿ ನಡೆದ ಎಸ್.ಎಸ್.ಎಲ್.ಸಿ. ಪರೀಕ್ಷೆ-1ರಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯು ಕ್ಯಾಮೆರಾಗಳನ್ನಿರಿಸಿ, ವೆಬ್‌ಕಾಸ್ಟಿಂಗ್ ಮೂಲಕ ದೂರದಿಂದಲೇ ಕೊಠಡಿಗಳ ಮೇಲೆ ಕಣ್ಣಿಟ್ಟಿತು. ಹಿಂದಿನ ವರ್ಷ ಶೇಕಡಾ 83.89ರಷ್ಟಿದ್ದ ಫಲಿತಾಂಶ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿದ ಮೇಲೆ. ಈ ಬಗ್ಗೆ ಚರ್ಚೆ ಸಾಕಷ್ಟು ನಡೆದಿದೆ. ನಾವಿಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ವಿದ್ಯಾರ್ಥಿಯೊಬ್ಬನು ಚೀಟಿ ನೋಡಿ ಬರೆದನೆಂದು ಕ್ಯಾಮೆರಾದ ಚಿತ್ರ ತೋರಿಸಿ ಆರೋಪಿಸಿದರೆ, ಆ ಚಿತ್ರವನ್ನು ಎಷ್ಟರಮಟ್ಟಿಗೆ ನಂಬಬಹುದು? ಉತ್ತರವು ಕ್ಯಾಮೆರಾದ ಬೆಲೆಗಿಂತ ಹೆಚ್ಚಾಗಿ, ಅದನ್ನು ನಡೆಸುವ ತಂತ್ರಾಂಶದಲ್ಲಿ ತುಂಬಿದ ಅಂಕಿಗಳಲ್ಲಿದೆ.

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಂಥ ಹೋಬಳಿ ಕೇಂದ್ರದಲ್ಲಿ ಒಂದು ಕೊಠಡಿಯನ್ನು ಕಲ್ಪಿಸಿಕೊಳ್ಳಿ. ಕರಿಹಲಗೆಯ ಮೇಲಿನ ಮೂಲೆಯಲ್ಲಿ ಕ್ಯಾಮೆರಾ ಇದೆ. ಕೊನೆಯ ಬೆಂಚಿನ ಬಳಿ ಅದು ನೋಡುವ ಅಗಲ 8 ಮೀಟರ್ ಎನ್ನೋಣ. ಚಿತ್ರವನ್ನು ಅಡ್ಡಲಾಗಿ 1920 ಬಿಂದುಗಳಿಗೆ, ಅಂದರೆ ಪಿಕ್ಸೆಲ್‌ಗಳಿಗೆ, ಹೊಂದಿಸಿದ್ದರೆ ಒಂದು ಮೀಟರಿಗೆ 240 ಬಿಂದು ಸಿಗುತ್ತವೆ. 5 ಸೆಂಟಿಮೀಟರ್ ಅಗಲದ ಚೀಟಿಗೆ ಬರುವುದು 12 ಬಿಂದು. ಅದರ ಮೇಲಿನ ಅಕ್ಷರವನ್ನು ಓದುವ ಮಾತೇ ಇಲ್ಲ. ಇನ್ನು ಅದೇ ಕ್ಯಾಮೆರಾವನ್ನು 640 ಬಿಂದುಗಳಿಗೆ ಇಳಿಸಿದರೆ ಚೀಟಿಯ ಪಾಲಿಗೆ ಉಳಿಯುವುದು ಬರೀ 4 ಬಿಂದು! ಅದು ಚೀಟಿಯೋ, ರಬ್ಬರೋ, ಮಡಿಸಿದ ಕರವಸ್ತ್ರದ ತುದಿಯೋ ಯಾರು ಹೇಳಬಲ್ಲರು?

ಹಾಗಾದರೆ ಇಳಿಸುವುದೇಕೆ? ದೂರವಾಣಿ ತಂತಿಯ ಸಾಮರ್ಥ್ಯಕ್ಕಾಗಿ. ಒಂದು ಕೊಠಡಿಯ ಚಿತ್ರ ಸೆಕೆಂಡಿಗೆ 2 ಮೆಗಾಬಿಟ್ ಬೇಡಿದರೆ ಹತ್ತು ಕೊಠಡಿಗೆ 20 ಮೆಗಾಬಿಟ್ ಬೇಕು. ಎಷ್ಟೋ ಹಳ್ಳಿಗಳಲ್ಲಿ ಇಷ್ಟು ಸತತವಾಗಿ ಸಿಗುವುದು ಕಷ್ಟ. ಆದರೆ ಈಗಿನ ಹೆಚ್ಚಿನ ಕ್ಯಾಮೆರಾಗಳು ಏಕಕಾಲದಲ್ಲಿ ಎರಡು ಧಾರೆಗಳನ್ನು ಕೊಡಬಲ್ಲವು. ತೆಳುವಾದದ್ದನ್ನು ದೂರದ ಪರದೆಗೆ ಕಳುಹಿಸಿ, ದಟ್ಟವಾದದ್ದನ್ನು ಶಾಲೆಯಲ್ಲೇ ಮುದ್ರಿಸಿಡಬಹುದು. ಮೂರು ಗಂಟೆಯ ಪರೀಕ್ಷೆಗೆ ಒಂದು ಕೊಠಡಿಗೆ ಸುಮಾರು 2.7 ಗಿಗಾಬೈಟ್, ಹತ್ತಕ್ಕೆ 27. ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುವಷ್ಟು. ಈ ಅನುಕೂಲವಿದ್ದೂ ತೆಳು ಚಿತ್ರವನ್ನೇ ಸಾಕ್ಷಿಯಾಗಿಟ್ಟುಕೊಳ್ಳುವುದು ಸರಿಯಲ್ಲ.

ಬೆಳಕಿನ ವಿಷಯವನ್ನೂ ನೋಡೋಣ. ಮಬ್ಬಾದ ಕೊಠಡಿಯಲ್ಲಿ ಕ್ಯಾಮೆರಾ ತನ್ನ ಕಣ್ಣನ್ನು ಸೆಕೆಂಡಿನ 25ನೇ ಒಂದು ಭಾಗದಷ್ಟು ಕಾಲ ತೆರೆದಿಡಬಹುದು. ಅಷ್ಟರಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಚಲಿಸುವ ಕೈ 4 ಸೆಂಟಿಮೀಟರ್ ಸರಿದಿರುತ್ತದೆ, ಚಿತ್ರ ಕಲಸಿಹೋಗುತ್ತದೆ. ನೂರನೇ ಒಂದು ಭಾಗಕ್ಕೆ ಹೊಂದಿಸಿದರೆ ಒಂದೇ ಸೆಂಟಿಮೀಟರ್, ಆದರೆ ಆಗ ದೀಪ ಹೆಚ್ಚು ಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ತಂತ್ರಾಂಶದಲ್ಲಿ 60 ಎಂದು ಬಿಟ್ಟಿದ್ದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರದ ತುಂಬ ಪಟ್ಟೆಗಳು ಹರಿದಾಡಬಹುದು.

ಚಲನೆ ಕಂಡಾಗ ಮಾತ್ರ ಮುದ್ರಿಸುವ ಏರ್ಪಾಡು ಅಂಗಡಿಗೆ ಒಪ್ಪುತ್ತದೆ, ಪರೀಕ್ಷೆಗಲ್ಲ. ಅಲುಗದೆ ಕುಳಿತು ಬರೆದ ಹುಡುಗಿಯ ಪ್ರಾಮಾಣಿಕತೆಯ ಸಾಕ್ಷ್ಯವೇ ಅದರಲ್ಲಿ ಬಿಟ್ಟುಹೋದೀತು.

ಗಡಿಯಾರವನ್ನು ಯಾರೂ ಗಮನಿಸುವುದಿಲ್ಲ. ಕಾಲವಲಯವನ್ನು ಬದಲಿಸದೆ ಗ್ರೀನ್‌ವಿಚ್ ಕಾಲದಲ್ಲೇ ಬಿಟ್ಟರೆ 10.30ರ ಗಂಟೆ ಚಿತ್ರದಲ್ಲಿ 5.00 ಎಂದು ದಾಖಲಾಗುತ್ತದೆ. ಇದನ್ನು ಪತ್ತೆಹಚ್ಚುವುದು ಸುಲಭ. ಹತ್ತು ನಿಮಿಷದ ವ್ಯತ್ಯಾಸವೇ ಅಪಾಯಕರ. ಚೀಟಿ ಸಿಕ್ಕಿದ್ದು ಪ್ರಶ್ನೆಪತ್ರಿಕೆ ಹಂಚುವ ಮೊದಲೋ, ಆಮೇಲೋ ಎಂಬುದೇ ಗೊಂದಲವಾಗುತ್ತದೆ. (ಇದೇ ತಾಲ್ಲೂಕಿನಲ್ಲಿ 1965ರಿಂದ ಇರುವ ಭೂಕಂಪನ ಮಾಪನ ಕೇಂದ್ರದಲ್ಲಿ, ಅಲೆಗಳು ಒಂದೊಂದು ಮಾಪಕವನ್ನು ತಲುಪುವ ಕಾಲದ ಕಿರು ಅಂತರದಿಂದಲೇ ಅವು ಬಂದ ದಿಕ್ಕನ್ನು ಗುರುತಿಸುತ್ತಾರೆ!)

ಪರೀಕ್ಷೆಯ ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಸಿಬ್ಬಂದಿಯೊಬ್ಬರು ಕೊನೆಯ ಬೆಂಚಿನಲ್ಲಿ ಕುಳಿತು, ಒಮ್ಮೆ ಚೀಟಿಯನ್ನೂ ಒಮ್ಮೆ ರಬ್ಬರನ್ನೂ ಕೈಯಲ್ಲಿ ಹಿಡಿಯಲಿ. ಇನ್ನೊಬ್ಬರು ಪರದೆಯ ನೇರಚಿತ್ರವನ್ನಲ್ಲ, ಮುದ್ರಿತ ಚಿತ್ರವನ್ನು ತೆರೆದು ಯಾವುದು ಯಾವುದೆಂದು ಗುರುತಿಸಲು ಯತ್ನಿಸಲಿ. ಅವರಿಗೆ ತಿಳಿಯದಿದ್ದರೆ ಅಂಕಿಗಳನ್ನು ತಿದ್ದಲು ಇನ್ನೂ ಒಂದು ಸಂಜೆ ಉಳಿದಿರುತ್ತದೆ.