ದುರ್ಬೀನಿಗೂ ಬೇಕು ಗಟ್ಟಿ ಬುನಾದಿ

“ಆಕಾಶ ನೋಡಲಿಕ್ಕೆ ನೆಲ ಯಾಕ್ರೀ ಅಗೀಬೇಕು?”

ಹಿತ್ತಲಲ್ಲಿ ದುರ್ಬೀನು ನಿಲ್ಲಿಸಲು ಕಾಂಕ್ರೀಟ್ ಕಂಬ ಹಾಕಿಸಬೇಕು ಅಂದರೆ ಆಳಂದದ ಗೌಂಡಿಯಾಗಲಿ, ಜೇವರ್ಗಿಯ ಗೌಂಡಿಯಾಗಲಿ ಮೊದಲು ಕೇಳುವ ಮಾತು ಇದೇ ಇದ್ದೀತು. ಅವನದೇನೂ ತಪ್ಪಿಲ್ಲ. ದುರ್ಬೀನಿನ ತೂಕ ಹದಿನೈದೋ ಇಪ್ಪತ್ತೋ ಕಿಲೋ. ಅದರ ಕೆಳಗೆ ಇಪ್ಪತ್ತು ಕ್ವಿಂಟಲ್ ಕಾಂಕ್ರೀಟ್ ಸುರೀರಿ ಅಂದರೆ ಯಾರಾದರೂ ಮುಖ ಮುಖ ನೋಡಿಯಾರು!

ಇದರ ಉತ್ತರ ಸರಾಫ ಕಟ್ಟೆಯವರಿಗೆ ಗೊತ್ತು. ಬಂಗಾರದ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಬಂಗಾರ ಭಾರ ಅಂತಲ್ಲ, ಗಾಳಿಗೂ ಮುಳ್ಳು ಅಲುಗಬಾರದು ಅಂತ. ಬಸ್ಸಿನಲ್ಲಿ ಓಡಾಡುವವರಿಗೂ ಗೊತ್ತು. ಕೆಟ್ಟ ರಸ್ತೆಯಲ್ಲಿ ಪೇಪರ್ ಬಿಚ್ಚಿದರೆ ಅಕ್ಷರ ಕುಣೀತಾವೆ. ದುರ್ಬೀನು ಶನಿಯನ್ನು 150 ಪಟ್ಟು ಹಿಗ್ಗಿಸಿ ತೋರಿಸಿದರೆ ತನ್ನ ಕಾಲಿನ ನಡುಕವನ್ನೂ 150 ಪಟ್ಟು ಹಿಗ್ಗಿಸುತ್ತದೆ. ಅಂದರೆ ಈ ಕಾಂಕ್ರೀಟು ಭಾರ ಹೊರುವುದಕ್ಕಲ್ಲ, ಅಲುಗದೆ ನಿಲ್ಲುವುದಕ್ಕೆ.

ಇದು ಈ ಕಾಲದ ಹುಚ್ಚು ಅಂದುಕೋಬೇಡಿ. ನಮ್ಮ ಈ ಸೀಮೆ ನಿಜಾಮರ ರಾಜ್ಯದಲ್ಲಿದ್ದಾಗ, 1901ರಲ್ಲಿ, ಹೈದರಾಬಾದಿನ ನವಾಬ ಜಫರ್ ಜಂಗ್ ಎಂಬವರು ಫಿಸಲ್ ಬಂಡಾದ ತಮ್ಮ ಸ್ವಂತ ಜಾಗದಲ್ಲೇ ವೀಧಶಾಲೆ ಶುರು ಮಾಡಿದರು. ಇಂಗ್ಲೆಂಡಿನಿಂದ 15 ಇಂಚಿನ ಗ್ರಬ್ ದುರ್ಬೀನು ತರಿಸಿದರು. 1907ರಲ್ಲಿ ನವಾಬರು ತೀರಿಕೊಂಡ ಮೇಲೆ ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ಒಯ್ದಿತು. ಅದೇ ನಿಜಾಮಿಯಾ ವೀಧಶಾಲೆ. ಆದರೆ ಆ 15 ಇಂಚಿನ ದುರ್ಬೀನು ಬೇಗಂಪೇಟೆಯಲ್ಲಿ ನೆಲೆಯಾಗಿ ಕೆಲಸಕ್ಕೆ ಬಂದದ್ದು 1922ರಲ್ಲಿ! ಗಾಜು ಕೊಂಡಷ್ಟು ಸುಲಭವಲ್ಲ, ಅದನ್ನು ನಿಲ್ಲಿಸುವುದು.

ಇರಲಿ, ನಮ್ಮ ಹಿತ್ತಲಿಗೆ ಬರೋಣ.

ಸಾಮಾನ್ಯವಾಗಿ ಪುಸ್ತಕದವರು ಹೇಳುವ ಲೆಕ್ಕ ಇಷ್ಟೇ: ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ. ಅದರ ಮೇಲೆ ಒಂದಡಿ ದಪ್ಪದ, ನಾಲ್ಕಡಿ ಎತ್ತರದ ದುಂಡು ಕಂಬ. ಒಂದು ಪಾಲು ಸಿಮೆಂಟು, ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿ. ಹೆಚ್ಚೆಂದರೆ ಆರು ಚೀಲ ಸಿಮೆಂಟು. ಕಲ್ಲುನೆಲದಲ್ಲಿ ಇದು ಧಾರಾಳ ಸಾಕು.

ಆದರೆ ಆ ಪುಸ್ತಕದವರು ನಮ್ಮ ಎರೆಮಣ್ಣು ನೋಡಿಲ್ಲ! ಭೀಮೆಯ ದಂಡೆಯ ಹೊಲಗಳಲ್ಲಿ ಬೇಸಿಗೆಗೆ ಬಿರುಕು ಬಿಟ್ಟರೆ ಕೈ ಇಳಿಯುತ್ತದೆ. ಮಳೆ ಬಿದ್ದರೆ ಅದೇ ನೆಲ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಜೋಳಕ್ಕೆ, ತೊಗರಿಗೆ ಬಂಗಾರದಂಥ ಮಣ್ಣು. ಗೋಡೆಗೆ ಮಾತ್ರ ಶತ್ರು. ಮನೆ ಗೋಡೆ ಸೀಳಿದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರಡಿ ಗುಂಡಿಯ ಕಾಂಕ್ರೀಟು ಈ ಮಣ್ಣಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ, ಆದರೆ ಮಣ್ಣಿನ ಜೊತೆಗೇ ಏಳುತ್ತದೆ, ವಾಲುತ್ತದೆ. ಮೃಗಶಿರಾ ಮಳೆಗೆ ಮುಂಚೆ ಧ್ರುವ ನಕ್ಷತ್ರಕ್ಕೆ ಸರಿಯಾಗಿ ಗುರಿ ಇಟ್ಟ ದುರ್ಬೀನು ದಸರೆಗೆ ಬೇರೆ ಕಡೆ ನೋಡುತ್ತಿರುತ್ತದೆ. ಆಮೇಲೆ ಗೌಂಡಿಯನ್ನು ಬೈದು ಏನು ಬಂತು?

ದಾರಿ ಎರಡು. ಎರೆ ತೆಳ್ಳಗಿದ್ದರೆ ಅದನ್ನು ದಾಟಿ ಮುರುಮು ಅಥವಾ ಕಲ್ಲು ಹತ್ತುವ ತನಕ ಅಗೆಯುವುದು. ನಿಮ್ಮದೋ ಪಕ್ಕದವರದೋ ಬಾವಿ ತೋಡಿದಾಗ ಎಷ್ಟಡಿಗೆ ಏನು ಹತ್ತಿತ್ತು ಅಂತ ಹಿರಿಯರನ್ನು ಕೇಳಿ. ಅದಕ್ಕಿಂತ ಒಳ್ಳೆ ಸರ್ವೆ ಇಲ್ಲ.

ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂಥ ನೆಲಕ್ಕೆಂದೇ ರೂಢಿಗೆ ತಂದ ಉಪಾಯ ಉಂಟು. ಒಂದಡಿ ಅಗಲದ ತೂತು ಕೊರೆದು ಸುಮಾರು ಮೂರೂವರೆ ಮೀಟರ್, ಅಂದರೆ ಹನ್ನೊಂದೂವರೆ ಅಡಿ ಇಳಿಸುವುದು. ಬುಡದ ಹತ್ತಿರ ತೂತಿನ ಎರಡೂವರೆ ಪಟ್ಟು ಅಗಲಕ್ಕೆ ಗಡ್ಡೆಯ ಹಾಗೆ ಕೊರೆದು, ಕಬ್ಬಿಣದ ಸಳಿ ಇಳಿಸಿ ಕಾಂಕ್ರೀಟು ತುಂಬುವುದು. ಅಷ್ಟು ಕೆಳಗೆ ಮಳೆ-ಬಿಸಿಲಿನ ಆಟ ಹೆಚ್ಚು ನಡೆಯುವುದಿಲ್ಲ. ಮೇಲಿನ ಮಣ್ಣು ಎತ್ತಲು ನೋಡಿದರೂ ಗಡ್ಡೆ ಹಿಡಿದುಕೊಳ್ಳುತ್ತದೆ. ಅದನ್ನೇ ನೆಲದ ಮೇಲೆ ನಾಲ್ಕಡಿ ಎಬ್ಬಿಸಿದರೆ ಮುಗೀತು, ಅದೇ ಕಂಬ. ಮಜಾ ಅಂದರೆ ಮೂರಡಿ ಗುಂಡಿಗೆ ಹಿಡಿಯುವ ಕಾಂಕ್ರೀಟಿನ ಅರ್ಧ ಇದಕ್ಕೆ ಸಾಕು. ಖರ್ಚು ಬೀಳುವುದು ಕೊರೆಯುವುದಕ್ಕೆ.

ಕಂಬದ ದಪ್ಪದಲ್ಲಿ ಜಿಪುಣತನ ಬೇಡ. ಎಂಟಿಂಚಿನ ಕಂಬಕ್ಕಿಂತ ಹನ್ನೆರಡಿಂಚಿನದು ಬಾಗದೆ ನಿಲ್ಲುವುದರಲ್ಲಿ ಐದು ಪಟ್ಟು ಗಟ್ಟಿ. ಎತ್ತರ ಮಾತ್ರ ಬೇಕಾದಷ್ಟೇ ಇರಲಿ.

ಸುತ್ತ ಪರಸಿ ಹಾಸಿದರೆ ಕಂಬಕ್ಕೂ ಪರಸಿಗೂ ನಡುವೆ ಒಂದಿಂಚು ಸಂದು ಬಿಡಿಸಿ. ಗೌಂಡಿಗೆ ಸಂದು ಕಂಡರೆ ಕೈ ತಡೆಯೋದಿಲ್ಲ, ಚಂದ ಕಾಣಲಿ ಅಂತ ಸಿಮೆಂಟು ತುಂಬಿಬಿಡುತ್ತಾನೆ. ಪಕ್ಕದಲ್ಲೇ ನಿಂತು ಬೇಡ ಅನ್ನಿ. ತುಂಬಿದರೆ ನೀವಿಟ್ಟ ಒಂದೊಂದು ಹೆಜ್ಜೆಯೂ ದುರ್ಬೀನಿಗೆ ಮುಟ್ಟುತ್ತದೆ. ಮಾಳಿಗೆಯ ಮೇಲೆ ಕಂಬ ಕಟ್ಟಿದರೂ ಇದೇ ಗೋಳು. ಕೆಳಗೆ ಮಕ್ಕಳು ಓಡಿದರೆ ಮೇಲೆ ಚಂದ್ರ ನಡುಗುತ್ತಾನೆ.

ಜಾಗ ಆರಿಸುವಾಗ ಉತ್ತರ ದಿಕ್ಕು ನೋಡಿಕೊಳ್ಳಿ. ಚುಕ್ಕಿಗಳ ಹಿಂದೆ ತಿರುಗುವ ದುರ್ಬೀನಿನ ಅಚ್ಚು ಧ್ರುವದ ಕಡೆಗೆ ಮುಖ ಮಾಡಿರಬೇಕು. ಧ್ರುವ ನಕ್ಷತ್ರ ನಮ್ಮ ಮೂರೂ ತಾಲೂಕಿನಲ್ಲಿ ಬಾನಂಚಿನಿಂದ ಸುಮಾರು 17 ಡಿಗ್ರಿ ಮೇಲೆ, ಅಂದರೆ ಕೈ ಚಾಚಿ ಹಿಡಿದ ಎರಡು ಮುಷ್ಟಿಗಿಂತ ಕೆಳಗೇ ಇದೆ. ದುರ್ಬೀನಿಗಿಂತ ಹತ್ತಡಿ ಎತ್ತರದ ಗೋಡೆ ಮೂವತ್ತಡಿಯೊಳಗೆ ಇದ್ದರೆ ಅದು ಕಾಣಿಸದು. ಲಂಡನ್ನಿನಲ್ಲಿ ಅದು 51 ಡಿಗ್ರಿ ಮೇಲಿರುತ್ತದೆ. ಅಲ್ಲಿನ ಲೆಕ್ಕಕ್ಕೆ ಕಟ್ಟಿದ ಅಗಲ ತಲೆಯ ಕಂಬ ಇಲ್ಲಿಗೆ ಒಗ್ಗದು. ಅಚ್ಚು ಹೆಚ್ಚು ಮಲಗುವುದರಿಂದ ಸಮತೂಕದ ಗುಂಡು ಕಂಬಕ್ಕೆ ಬಡಿಯುತ್ತದೆ. ಹಾಗಾಗಿ ಕಂಬದ ತಲೆಯ ಮೇಲೆ ಸಣ್ಣದೊಂದು ಕಬ್ಬಿಣದ ಪೀಠ ಕೂರಿಸಿ ದುರ್ಬೀನನ್ನು ಒಂದು ಗೇಣು ಎತ್ತಿದರೆ ವಾಸಿ. ಪೀಠದ ಬೋಲ್ಟುಗಳನ್ನು ಹಲಗೆಯಲ್ಲಿ ಅಳತೆಗೆ ತೂತು ಹಾಕಿ ಹಿಡಿಸಿ, ಕಾಂಕ್ರೀಟು ಹಸಿ ಇದ್ದಾಗಲೇ ಇಳಿಸಬೇಕು.

ಆಮೇಲೆ ಗೋಣಿ ಚೀಲ ಸುತ್ತಿ ಹತ್ತು ದಿನ ನೀರು ಹೊಡೀರಿ. ನಮ್ಮ ಬಿಸಿಲಿಗೆ ಒಂದು ಹೊತ್ತು ತಪ್ಪಿಸಿದರೂ ಮೈ ಬಿರಿಯುತ್ತದೆ. ಪೂರ್ತಿ ಬಲ ಬರಲು 28 ದಿನ ಬೇಕು. ಅಲ್ಲಿಯ ತನಕ ದುರ್ಬೀನು ಪೆಟ್ಟಿಗೆಯಲ್ಲೇ ಇರಲಿ. ಇನ್ನೊಂದು, ಕರೆಂಟಿನ ವೈರಿಗೆ ಒಂದು ಪೈಪನ್ನು ಕಾಂಕ್ರೀಟು ಸುರಿಯುವ ಮೊದಲೇ ಇಡ್ರಿ.