ಮಾಧ್ಯಮ ಅವರದು, ನಾವು ಬರೀ ಕೇಳುಗರೇ?

ಗುರುತು ಪರಿಚಯವಿಲ್ಲದ ಸಾವಿರಾರು ಜನರಿಗೆ ಒಂದೇ ಸುದ್ದಿಯನ್ನು ಮುಟ್ಟಿಸುವುದೇ ಸಮೂಹ ಸಂವಹನ. ಕನ್ನಡದಲ್ಲಿ ಅದರ ಪತ್ರಿಕಾ ಚರಿತ್ರೆ ಶುರುವಾಗುವುದು 1843ರ ‘ಮಂಗಳೂರ ಸಮಾಚಾರ’ದಿಂದ. ನಿತ್ಯ ಬಳಕೆಯ ಈ ಮಾಧ್ಯಮಗಳ ಬಗ್ಗೆ ಬೇರೂರಿರುವ ತಪ್ಪು ತಿಳಿವಳಿಕೆಗಳೂ ಕಡಿಮೆಯೇನಿಲ್ಲ.

ತಪ್ಪು ಕಲ್ಪನೆ: ಮಾಧ್ಯಮ ಹೇಳಿದ್ದನ್ನೆಲ್ಲ ಜನ ಕಣ್ಣುಮುಚ್ಚಿ ನಂಬುತ್ತಾರೆ.

ವಾಸ್ತವ: 1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊದ ಈರಿ ಕೌಂಟಿಯಲ್ಲಿ ಮತದಾರರನ್ನು ತಿಂಗಳುಗಟ್ಟಲೆ ಮಾತನಾಡಿಸಿದರು. ಪ್ರಚಾರ ಕೇಳಿ ಪಕ್ಷ ಬದಲಿಸಿದವರು ಕೆಲವರು ಮಾತ್ರ. ರೇಡಿಯೊ, ಪತ್ರಿಕೆಗಳಿಗಿಂತ ಪರಿಚಿತರ ಮಾತಿಗೇ ತೂಕ ಹೆಚ್ಚಿತ್ತು. ನಮ್ಮ ಹೋಟೆಲಿನ ಬೆಂಚಿನಲ್ಲೂ ಅಷ್ಟೆ: ಪೇಪರ್ ಓದುವವನು ಒಬ್ಬ, ಅದಕ್ಕೆ ಅರ್ಥ ಹೇಳುವವನು ಇನ್ನೊಬ್ಬ, ತಲೆದೂಗುವವರು ಹತ್ತು ಮಂದಿ.

ತಪ್ಪು ಕಲ್ಪನೆ: ಹಾಗಿದ್ದರೆ ಮಾಧ್ಯಮದ ಪ್ರಭಾವ ಏನೂ ಇಲ್ಲ.

ವಾಸ್ತವ: ಇದೆ, ಆದರೆ ಬೇರೆ ದಾರಿಯಲ್ಲಿ. 1968ರಲ್ಲಿ ಸಂಶೋಧಕರಾದ ಮೆಕೊಂಬ್ಸ್ ಮತ್ತು ಶಾ ಅಮೆರಿಕದ ಚಾಪೆಲ್ ಹಿಲ್‌ನ ಮತದಾರರನ್ನು ವಿಚಾರಿಸಿದಾಗ, ಸುದ್ದಿಯಲ್ಲಿ ಹೆಚ್ಚು ಜಾಗ ಪಡೆದ ವಿಷಯಗಳೇ ಅವರಿಗೂ ದೊಡ್ಡ ವಿಷಯಗಳಾಗಿದ್ದವು. ಯಾವ ಪಕ್ಷ ಹಿಡಿಯಬೇಕೆಂದು ಹೇಳುವುದಕ್ಕಿಂತ, ಯಾವುದರ ಬಗ್ಗೆ ಯೋಚಿಸಬೇಕೆಂದು ಮಾಧ್ಯಮ ಹೇಳಿಬಿಡುತ್ತದೆ. ಮುಖಪುಟಕ್ಕೆ ಬಾರದ ಊರಿನ ನೀರಿನ ಸಮಸ್ಯೆ ಚರ್ಚೆಗೂ ಬರುವುದಿಲ್ಲ.

ತಪ್ಪು ಕಲ್ಪನೆ: ಮಾಧ್ಯಮ ನಡೆಸಲು ಸರ್ಕಾರವೋ ದೊಡ್ಡ ಬಂಡವಾಳವೋ ಬೇಕೇಬೇಕು.

ವಾಸ್ತವ: 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಊರಿನವರು ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಗೆ ತಾವೇ ಕಾರ್ಯಕ್ರಮ ತಯಾರಿಸಿದರು. ರೇಡಿಯೊ ಪ್ರಸಾರಕ್ಕೆ ಪರವಾನಗಿ ಸಿಗದ ಕಾಲದಲ್ಲಿ ಕೇಬಲ್ ಮೂಲಕ ಟಿ.ವಿ. ಸೆಟ್ಟುಗಳಿಗೆ ಧ್ವನಿ ಹರಿಸಿದರು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿ ನಡೆಸುವ ಅವಕಾಶ ತೆರೆದದ್ದು 2006ರಲ್ಲಿ.

ತಪ್ಪು ಕಲ್ಪನೆ: ಸಂವಿಧಾನ ಪತ್ರಕರ್ತರಿಗೆ ವಿಶೇಷ ಹಕ್ಕು ಕೊಟ್ಟಿದೆ.

ವಾಸ್ತವ: 19(1)(ಎ) ವಿಧಿಯಲ್ಲಿ ಪತ್ರಿಕೆಯ ಹೆಸರೇ ಇಲ್ಲ. ಎಲ್ಲ ನಾಗರಿಕರಿಗಿರುವ ವಾಕ್ ಸ್ವಾತಂತ್ರ್ಯದಲ್ಲೇ ಪತ್ರಿಕಾ ಸ್ವಾತಂತ್ರ್ಯವೂ ಅಡಗಿದೆ ಎಂದು ನ್ಯಾಯಾಲಯಗಳು ಹೇಳಿವೆ.

ತಪ್ಪು ಕಲ್ಪನೆ: ವಾಟ್ಸ್‌ಆ್ಯಪ್ ಗುಂಪಿನದು ನಮ್ಮ ನಮ್ಮೊಳಗಿನ ಮಾತು.

ವಾಸ್ತವ: 2018ರ ಜುಲೈನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದ ಹೊರ ಊರಿನವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಿದು, ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಯನ್ನು ಮುಟ್ಟಿತ್ತು. ಜನ ರಸ್ತೆ ತಡೆದು ಹೊಡೆದರು, ಒಬ್ಬರು ಪ್ರಾಣ ಕಳೆದುಕೊಂಡರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಕಳಿಸುವ ಮಿತಿ ತರುವುದಾಗಿ ಪ್ರಕಟಿಸಿತು. ಪತ್ರಿಕೆಯಲ್ಲಾದರೆ ಸುದ್ದಿ ಅಚ್ಚಿಗೆ ಹೋಗುವ ಮುನ್ನ ಸಂಪಾದಕರೊಬ್ಬರು ಪ್ರಶ್ನೆ ಕೇಳುತ್ತಾರೆ. ಫಾರ್ವರ್ಡ್ ಮಾಡುವವನಿಗೆ ಆ ಪ್ರಶ್ನೆ ಕೇಳುವವರು ಬೇರೆ ಯಾರೂ ಇಲ್ಲ, ಅವನೇ ಕೇಳಿಕೊಳ್ಳಬೇಕು.