ಹಸಿ ಮೊಟ್ಟೆಯ ಹಳದಿ: ಬೇರ್ಪಡಿಸುವುದು, ತಿನ್ನುವುದು

ಕೋಳಿಮೊಟ್ಟೆಯ ಹಳದಿ ಬಿಳಿ ಲೋಳೆಯಲ್ಲಿ ಸುಮ್ಮನೆ ತೇಲುತ್ತಿರುವುದಿಲ್ಲ. ಎರಡು ಬದಿಯಿಂದ ತಿರುಚಿಕೊಂಡ ಬಿಳಿ ಎಳೆಗಳು ಅದನ್ನು ನಡುವೆ ಹಿಡಿದು ನಿಲ್ಲಿಸಿರುತ್ತವೆ. ಸುತ್ತಲೂ ಬಲು ತೆಳುವಾದ ಒಂದು ಪೊರೆ ಇರುತ್ತದೆ. ದೊಡ್ಡ ಮೊಟ್ಟೆಯೊಂದರ ಹಳದಿ ಸುಮಾರು 17 ಗ್ರಾಂ ತೂಗುತ್ತದೆ. ಅದರಲ್ಲಿ ಅರ್ಧದಷ್ಟು ನೀರು, ಕಾಲು ಭಾಗಕ್ಕಿಂತ ಹೆಚ್ಚು ಕೊಬ್ಬು, ಉಳಿದದ್ದು ಬಹುಪಾಲು ಪ್ರೋಟೀನು. ಮೊಟ್ಟೆಯ ಕೊಬ್ಬು ಹೆಚ್ಚುಕಡಿಮೆ ಪೂರ್ತಿಯಾಗಿ ಇಲ್ಲಿಯೇ ಇದೆ. ಎ, ಡಿ ಜೀವಸತ್ವಗಳೂ ಇಲ್ಲಿಯೇ. ಸುಮಾರು 200 ಮಿಲಿಗ್ರಾಂ ಕೊಲೆಸ್ಟರಾಲ್ ಇರುವುದೂ ಇದರಲ್ಲೇ. ದೇಹ ಹುರಿಗೊಳಿಸುವವರು ಹಳದಿಯನ್ನು ಚೆಲ್ಲಿ ಬಿಳಿಯನ್ನಷ್ಟೇ ತಿನ್ನುವುದು ಈ ಲೆಕ್ಕದಿಂದ. ರುಚಿಯ ಲೆಕ್ಕದಲ್ಲಿ ನೋಡಿದರೆ ಅವರು ಚೆಲ್ಲುವುದೇ ಮೊಟ್ಟೆಯ ಸಾರ.

ಹಳದಿಯ ಬಣ್ಣ ಎಷ್ಟು ಗಾಢವಾಗಿದ್ದರೆ ಮೊಟ್ಟೆ ಅಷ್ಟು ತಾಜಾ ಎಂಬ ನಂಬಿಕೆಗೆ ಆಧಾರವಿಲ್ಲ. ಬಣ್ಣ ಬರುವುದು ಕೋಳಿ ತಿಂದ ಮೇವಿನಿಂದ. ಮೆಕ್ಕೆಜೋಳ ತಿಂದರೆ ಒಂದು ಹಳದಿ, ಚೆಂಡುಹೂವಿನ ಸಾರ ಬೆರೆತ ಆಹಾರ ತಿಂದರೆ ಇನ್ನೊಂದು. ಗುಂಡ್ಲುಪೇಟೆಯ ಸುತ್ತ ರೈತರು ಗುತ್ತಿಗೆಗೆ ಬೆಳೆಯುವ ಚೆಂಡುಹೂವು ಹೋಗುವುದು ಇಂಥ ಬಣ್ಣದ ಸಾರ ತೆಗೆಯುವ ಕಾರ್ಖಾನೆಗಳಿಗೆ. ತಾಜಾತನವನ್ನು ತಿಳಿಯಬೇಕಾದದ್ದು ಆಕಾರದಿಂದ. ಹೊಸ ಮೊಟ್ಟೆಯನ್ನು ತಟ್ಟೆಗೆ ಒಡೆದರೆ ಹಳದಿ ಗುಮ್ಮಟದಂತೆ ಉಬ್ಬಿ ನಿಲ್ಲುತ್ತದೆ. ದಿನ ಕಳೆದಂತೆ ಬಿಳಿಯ ನೀರು ಪೊರೆಯ ಮೂಲಕ ಹಳದಿಯೊಳಕ್ಕೆ ಇಳಿಯುತ್ತದೆ, ಪೊರೆ ಹಿಗ್ಗಿ ಸಡಿಲವಾಗುತ್ತದೆ, ಹಳದಿ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಹಳೆಯ ಮೊಟ್ಟೆಯ ಹಳದಿ ಕೈ ಸೋಕಿದರೆ ಒಡೆಯುವುದು ಇದೇ ಕಾರಣಕ್ಕೆ.

ಆದ್ದರಿಂದ ಬೇರ್ಪಡಿಸಲು ತಾಜಾ ಮೊಟ್ಟೆ ಬೇಕು, ಅದೂ ಫ್ರಿಜ್ಜಿನಿಂದ ಆಗತಾನೆ ತೆಗೆದದ್ದು. ತಣ್ಣಗಿದ್ದಾಗ ಹಳದಿ ಗಟ್ಟಿಯಾಗಿರುತ್ತದೆ. ಚಿಪ್ಪನ್ನು ಬಟ್ಟಲಿನ ಅಂಚಿಗೆ ಬಡಿಯುವುದಕ್ಕಿಂತ ಸಮತಟ್ಟಾದ ಕಟ್ಟೆಗೆ ಕುಟ್ಟಿದರೆ ಚೂರು ಒಳಗೆ ಚುಚ್ಚಿಕೊಳ್ಳುವುದು ಕಡಿಮೆ. ಚಿಪ್ಪಿನ ಎರಡು ಹೋಳುಗಳ ನಡುವೆ ಹಳದಿಯನ್ನು ಅತ್ತಿತ್ತ ಹಾಯಿಸಿ ಬಿಳಿಯನ್ನು ಇಳಿಸುವುದು ಎಲ್ಲರೂ ಬಲ್ಲ ವಿಧಾನ. ನೋಡಲು ಅಂದವಾದರೂ ಹಸಿಯಾಗಿ ತಿನ್ನುವುದಾದರೆ ಇದು ಒಳ್ಳೆಯದಲ್ಲ. ಚಿಪ್ಪಿನ ಹರಿತ ಅಂಚು ಪೊರೆಯನ್ನು ಸೀಳಬಹುದು, ಚಿಪ್ಪಿನ ಹೊರಮೈಯ ಕೊಳೆ ಹಳದಿಗೆ ತಾಗಬಹುದು. ಚೆನ್ನಾಗಿ ತೊಳೆದ ಅಂಗೈಗೆ ಮೊಟ್ಟೆ ಸುರಿದುಕೊಂಡು ಬೆರಳ ಸಂದಿಯಿಂದ ಬಿಳಿಯನ್ನು ಜಾರಲು ಬಿಡುವುದೇ ಮೇಲು. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಹಿಚುಕಿ ಹಳದಿಯನ್ನು ಒಳಗೆಳೆದುಕೊಳ್ಳುವ ಉಪಾಯವೂ ನಡೆಯುತ್ತದೆ, ಆದರೆ ಮೊಟ್ಟೆ ಹೊಸದಿರಬೇಕು. ಹಲವು ಮೊಟ್ಟೆಗಳಿದ್ದರೆ ಒಂದೊಂದನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು ನೋಡುವುದು ವಾಡಿಕೆ. ಹಳದಿಗೆ ಸ್ವಲ್ಪ ಬಿಳಿ ಅಂಟಿದ್ದರೆ ನಷ್ಟವಿಲ್ಲ. ಬಿಳಿಗೆ ಒಂದು ಹನಿ ಹಳದಿ ಬಿದ್ದರೆ ಮಾತ್ರ ಅದರ ಕೊಬ್ಬಿನಿಂದಾಗಿ ಆ ಬಿಳಿ ನೊರೆಯೇಳಲು ಸತಾಯಿಸುತ್ತದೆ.

ಬೇರ್ಪಟ್ಟ ಹಳದಿಗೆ ಗಾಳಿ ತಾಗಿದರೆ ಬೇಗ ಕೆನೆಗಟ್ಟುತ್ತದೆ. ಒಡೆಯದ ಹಳದಿಯ ಮೇಲೆ ತಣ್ಣೀರು ನಿಲ್ಲಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ದಿನ ಇರುತ್ತದೆ. ಹಾಗೆಯೇ ಫ್ರೀಜರಿಗೆ ಹಾಕಿದರೆ ಕರಗಿದ ಮೇಲೂ ಅಂಟಂಟಾದ ಮುದ್ದೆಯಾಗಿ ಉಳಿಯುತ್ತದೆ. ಮೊದಲೇ ಉಪ್ಪು ಅಥವಾ ಸಕ್ಕರೆ ಕಲಸಿಟ್ಟರೆ ಈ ತೊಂದರೆ ತಪ್ಪುತ್ತದೆ.

ಹಸಿ ಹಳದಿಯನ್ನು ತಿನ್ನುವ ಪದ್ಧತಿ ಲೋಕದಲ್ಲಿ ಹಲವೆಡೆ ಇದೆ. ಕೊರಿಯಾದ ಯುಖ್ವೆಯಲ್ಲೂ ಫ್ರಾನ್ಸಿನ ಸ್ಟೀಕ್ ತಾರ್ತಾರ್‌ನಲ್ಲೂ ಕೊಚ್ಚಿದ ಹಸಿ ಮಾಂಸದ ಮೇಲೆ ಹಳದಿ ಕೂರುತ್ತದೆ. ಇಟಲಿಯ ತಿರಾಮಿಸುವಿನಲ್ಲಿ ಅದು ಸಕ್ಕರೆಯೊಂದಿಗೆ ನೊರೆಯಾಗುತ್ತದೆ. ಮಯೋನೀಸಿನಲ್ಲಿ ಅದರ ಕೆಲಸ ರುಚಿಗಿಂತ ದೊಡ್ಡದು: ಹಳದಿಯಲ್ಲಿರುವ ಲೆಸಿಥಿನ್ ಮತ್ತು ಪ್ರೋಟೀನುಗಳು ಎಣ್ಣೆಯ ಹನಿಗಳನ್ನು ಸುತ್ತುವರಿದು, ಮತ್ತೆ ಒಂದಾಗದಂತೆ ನೀರಿನಲ್ಲಿ ಹಂಚಿಡುತ್ತವೆ. ಆದರೆ ಹಸಿ ಮೊಟ್ಟೆಯನ್ನು ದಿನನಿತ್ಯದ ಊಟವಾಗಿಸಿಕೊಂಡವರು ಜಪಾನಿಯರು. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಒಡೆದು ಸೋಯಾ ಸಾಸ್ ಹನಿಸಿ ಕಲಸಿದರೆ ತಮಾಗೊ ಕಾಕೆ ಗೋಹಾನ್ ಸಿದ್ಧ. ಹಳದಿಯನ್ನಷ್ಟೇ ಹಾಕಿಕೊಳ್ಳುವವರೂ ಇದ್ದಾರೆ, ಅನ್ನ ಆಗ ತುಪ್ಪ ಬಿದ್ದಂತೆ ಮಂದವಾಗುತ್ತದೆ. ಸುಕಿಯಾಕಿಯ ಬಿಸಿ ಮಾಂಸವನ್ನು ಅದ್ದಿಕೊಳ್ಳುವುದೂ ಕದಡಿದ ಹಸಿ ಮೊಟ್ಟೆಯಲ್ಲೇ. ಹಳದಿಯನ್ನು ಇಡಿಯಾಗಿ ಸೋಯಾ ಸಾಸಿನಲ್ಲಿ ಒಂದು ರಾತ್ರಿ ನೆನೆಹಾಕುವ ಕ್ರಮವೂ ಉಂಟು. ಸಾಸಿನ ಉಪ್ಪು ಹಳದಿಯ ನೀರನ್ನು ಸೆಳೆದುಕೊಂಡು ಅದನ್ನು ಜೇನಿನಷ್ಟು ಗಟ್ಟಿ ಮಾಡುತ್ತದೆ.

ಜಪಾನಿನಲ್ಲಿ ಇದು ಸಾಧ್ಯವಾಗಿರುವುದು ಅಡುಗೆಮನೆಯ ಜಾಣ್ಮೆಯಿಂದಲ್ಲ. ಅಲ್ಲಿ ಮೊಟ್ಟೆಗಳನ್ನು ತೊಳೆದು, ಸೋಂಕು ತೆಗೆದು, ಬಿರುಕು ಪರೀಕ್ಷಿಸಿ ಪ್ಯಾಕ್ ಮಾಡುತ್ತಾರೆ. ಪೊಟ್ಟಣದ ಮೇಲಿನ ದಿನಾಂಕ ಹಸಿಯಾಗಿ ತಿನ್ನಬಹುದಾದ ಗಡುವನ್ನು ಹೇಳುತ್ತದೆ. ಅದು ದಾಟಿದ ಮೊಟ್ಟೆಯನ್ನು ಬೇಯಿಸಿ ತಿನ್ನಬೇಕು. ಇಂಗ್ಲೆಂಡಿನ ಕತೆಯೂ ಇದನ್ನೇ ತೋರಿಸುತ್ತದೆ. 1988ರ ಡಿಸೆಂಬರಿನಲ್ಲಿ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದರು. ಮಾರಾಟ ಕುಸಿಯಿತು, ಎರಡೇ ವಾರದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಬಳಿಕ ಕೋಳಿಗಳಿಗೆ ಲಸಿಕೆ ಹಾಕುವ ವ್ಯವಸ್ಥೆ ಬೆಳೆಯಿತು. 2017ರಲ್ಲಿ ಅಲ್ಲಿನ ಆಹಾರ ಮಾನದಂಡ ಸಂಸ್ಥೆ, ಈ ವ್ಯವಸ್ಥೆಗೆ ಒಳಪಟ್ಟು ಸಿಂಹದ ಮುದ್ರೆ ಪಡೆದ ಮೊಟ್ಟೆಗಳನ್ನು ಬಸುರಿಯರೂ ಹಸಿಯಾಗಿ ತಿನ್ನಬಹುದು ಎಂದಿತು.

ಸಾಲ್ಮೊನೆಲ್ಲಾ ಚಿಪ್ಪಿನ ಮೇಲಿನ ಹಿಕ್ಕೆಯಲ್ಲಷ್ಟೇ ಇರುವುದಿಲ್ಲ. ಅದರ ಎಂಟೆರಿಟಿಡಿಸ್ ಎಂಬ ಬಗೆ ಕೋಳಿಯ ಅಂಡಾಶಯದಲ್ಲೇ ನೆಲೆಸಿ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಬಲ್ಲದು. ಬಿಳಿ ಲೋಳೆ ಅದಕ್ಕೆ ಒಗ್ಗುವುದಿಲ್ಲ: ಅಲ್ಲಿ ಕ್ಷಾರ ಹೆಚ್ಚು, ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೊಜೈಮ್ ಇದೆ, ಕಬ್ಬಿಣವನ್ನು ಕಟ್ಟಿಡುವ ಪ್ರೋಟೀನೂ ಇದೆ. ಹಳದಿಯಾದರೋ ಸೂಕ್ಷ್ಮಜೀವಿಗೆ ತುಂಬಿದ ಉಗ್ರಾಣ. ಹೊರಗಿಟ್ಟ ಮೊಟ್ಟೆಯ ಪೊರೆ ಸಡಿಲವಾಗುತ್ತಿದ್ದಂತೆ ಅದರ ಬಾಗಿಲು ತೆರೆದಂತಾಗುತ್ತದೆ. ಅಂಗಡಿಯ ಹೊರಗೆ ಟ್ರೇಗಳಲ್ಲಿ ದಿನಗಟ್ಟಲೆ ಕೂತ ನಮ್ಮ ಮೊಟ್ಟೆಗಳಿಗೆ ಜಪಾನಿನ ರೂಢಿ ಒಪ್ಪುವುದಿಲ್ಲ ಎನ್ನಲು ಇಷ್ಟು ಸಾಕು. ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ನಿಷೇಧಿಸಿದವು. ನಿಂಬೆರಸ ಹಿಂಡಿದರೆ ಎಲ್ಲ ಸರಿಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಹುಳಿ ಸಾಕಷ್ಟಿರಬೇಕು, ಅದು ಕೆಲಸ ಮಾಡಲು ಹೊತ್ತೂ ಬೇಕು.

ಹಸಿ ಹಳದಿಯ ನುಣುಪು ಬೇಕು, ಅಪಾಯ ಬೇಡ ಎನ್ನುವವರಿಗೆ ಉಳಿದದ್ದು ಹದವಾದ ಶಾಖ. ಚಿಪ್ಪಿನಲ್ಲಿರುವಂತೆಯೇ ಮೊಟ್ಟೆಯನ್ನು 57 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದೂಕಾಲು ಗಂಟೆ ಇಟ್ಟರೆ ಹಳದಿ ಗಟ್ಟಿಯಾಗದೆ ಪಾಶ್ಚರೀಕರಣವಾಗುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಈ ಉಷ್ಣತೆ ಕಾಯುವುದು ಕಷ್ಟ, ಅದಕ್ಕೆ ತಾಪ ಹಿಡಿದಿಡುವ ಉಪಕರಣವೇ ಬೇಕು. ಸುಲಭ ದಾರಿಯೆಂದರೆ ಒಂದು ಹಳದಿಗೆ ಎರಡು ದೊಡ್ಡ ಚಮಚ ನೀರು ಅಥವಾ ನಿಂಬೆರಸ ಬೆರೆಸಿ, ಸಣ್ಣ ಉರಿಯಲ್ಲಿ ಬಿಡದೆ ಕದಡುತ್ತ 71 ಡಿಗ್ರಿ ತಲುಪಿಸುವುದು. ಬರೀ ಹಳದಿ 65ರಿಂದ 70 ಡಿಗ್ರಿಯೊಳಗೆ ಹೆಪ್ಪುಗಟ್ಟುತ್ತದೆ. ಸಾಕಷ್ಟು ನೀರು ಬೆರೆತಾಗ ಆ ಮಿತಿ ಮೇಲೇರುತ್ತದೆ. ಕೈ ನಿಂತರೆ ಮಾತ್ರ ತಳದಲ್ಲಿ ಗಂಟು.

ಹಸಿಯಾಗಿ ತಿಂದರೆ ಶಕ್ತಿ ಹೆಚ್ಚು ಎಂಬ ಗರಡಿಮನೆಯ ಮಾತಿಗೂ ಪುರಾವೆ ಸಿಗುವುದಿಲ್ಲ. 1998ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಅಳೆದಾಗ, ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇಕಡಾ 91 ಜೀರ್ಣವಾಯಿತು, ಹಸಿ ಮೊಟ್ಟೆಯದರಲ್ಲಿ ಶೇಕಡಾ 51 ಮಾತ್ರ. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಜೀವಸತ್ವವನ್ನು ದೇಹಕ್ಕೆ ದಕ್ಕದಂತೆ ಕಟ್ಟಿಹಾಕುತ್ತದೆ. ಆ ಬಯೋಟಿನ್ ಹೇರಳವಾಗಿರುವುದು ಹಳದಿಯಲ್ಲಿ. ಈ ಒಂದು ವಿಷಯದಲ್ಲಿ ಬಿಳಿಯನ್ನು ಬಿಟ್ಟು ಹಳದಿ ತಿನ್ನುವವರೇ ಲಾಭದಲ್ಲಿದ್ದಾರೆ. ಹಾಗಿದ್ದರೂ ಪುಟ್ಟ ಮಕ್ಕಳು, ವೃದ್ಧರು, ಬಸುರಿಯರು, ರೋಗನಿರೋಧಕ ಶಕ್ತಿ ಕುಂದಿದವರು ಸಾಮಾನ್ಯ ಅಂಗಡಿ ಮೊಟ್ಟೆಯ ಹಳದಿಯನ್ನು ಬೇಯಿಸಿಯೇ ತಿನ್ನಬೇಕು.